ಹಳದಿ ಟೋಪಿ

“ಏಯ್, ಕೆಳಗಿಡೇ ಅದನ್ನ! ನಿನ್ನ ಎಣ್ಣೆ ತಲೆ ತಾಗಿದ್ಮೇಲೆ ಯಾವ ಬಿಳೀ ಹೆಂಗಸು ಅದನ್ನ ಮುಟ್ತಾಳೆ?”

ಅಂಗಡಿಯೊಡತಿ ಹ್ಯಾವರ್ಲಿ ಅಮ್ಮನ ಕೂಗಿಗೆ ಟೋಪಿ ನನ್ನ ಹಣೆಯಿಂದ ಗೇಣುದ್ದ ದೂರದಲ್ಲೇ ನಿಂತಿತು. ಹಳದಿ ಟೋಪಿ, ಅಂಚಿಗೆ ಬಿಳಿ ರಿಬ್ಬನ್ನು. ಅಂಗಡಿಯ ಗಾಜಿನ ಹಿಂದೆ ಬಂದು ಕೂತ ದಿನದಿಂದ ಅದು ನನ್ನ ನಿದ್ದೆಯಲ್ಲೂ ಬಂದು ಕೂತಿತ್ತು. ಅಮೆರಿಕದ ಜಾರ್ಜಿಯಾದ ನಮ್ಮ ಪೇಟೆಯಲ್ಲಿ ನಾವು ಕರಿಯರು ಟೋಪಿ ಕೊಳ್ಳಬಹುದಿತ್ತು, ತಲೆಗಿಟ್ಟು ನೋಡುವಂತಿರಲಿಲ್ಲ. ಅಂದಾಜಿನ ಮೇಲೆ ತಂದು, ಸಡಿಲವಾದರೆ ಒಳಗೆ ಹಳೇ ಪೇಪರು ತುರುಕುವುದು, ಬಿಗಿಯಾದರೆ ತಲೆನೋವನ್ನೇ ದೇವರಿಗೆ ಅರ್ಪಿಸುವುದು.

ತಮಾಷೆಯೆಂದರೆ, ಆ ಹ್ಯಾವರ್ಲಿ ಅಮ್ಮನ ಮನೆಗೆ ಅಡುಗೆಯವಳು ನಾನೇ. ಶನಿವಾರ ಶನಿವಾರ ಅವಳ ತಲೆ ತೊಳೆಯುವವಳೂ ನಾನೇ. ಅವಳ ನೆತ್ತಿಗೆ ನನ್ನ ಬೆರಳು ಆಗುತ್ತಿತ್ತು.

ಮಾರನೆಯ ಭಾನುವಾರ ಟಾಲ್ಬರ್ಟ್ ಪಾದ್ರಿಗಳು ಗುಲಾಮರನ್ನು ಬಿಡಿಸಿದ ಮೋಶೆಯ ಕಥೆ ಹೇಳುತ್ತಾ ಹೇಳುತ್ತಾ ಟೋಪಿಗೆ ಬಂದುಬಿಟ್ಟರು.

“ತಲೆಗಿಟ್ಟು ನೋಡೋಕೆ ಬಿಡೋವರೆಗೂ ಆ ಅಂಗಡಿ ಮೆಟ್ಟಿಲು ಹತ್ತಬೇಡಿ. ಈ ಈಸ್ಟರಿಗೆ, ಕೆಲಸ ಮಾಡೋವಾಗ ತಲೆಗೆ ಕಟ್ಕೋತೀರಲ್ಲ, ಆ ಬಟ್ಟೇಲೇ ಬನ್ನಿ.”

ಗಂಡಸರು ‘ಆಮೆನ್’ ಅಂದರು. ಅವರ ಗಂಟೇನು ಹೋಗಬೇಕು! ಹೆಂಗಸರ ಸಾಲಿನಲ್ಲಿ ಬೀಸಣಿಗೆಗಳು ನಿಂತವು. ವಾರವೆಲ್ಲ ಬೇರೆಯವರ ನೆಲ ಒರೆಸುವ ನಮಗೆ ಭಾನುವಾರದ ಆ ಟೋಪಿಯೊಂದೇ ಕಿರೀಟ; ಈಸ್ಟರಿಗಂತೂ ಹೊಸದೇ ಆಗಬೇಕು. ನನ್ನ ಪಕ್ಕದಲ್ಲಿದ್ದ ವರ್ಲೀನಕ್ಕ ಎದ್ದೇ ನಿಂತಳು.

“ಪಾದ್ರಿಗಳೇ, ನಿಮ್ದು ಬೋಳುತಲೆ. ನಿಮಗೇನ್ ಗೊತ್ತು ಟೋಪಿ ಸಂಕಟ?”

ಚರ್ಚೆಲ್ಲ ಗೊಳ್ಳೆಂದಿತು. ಪಾದ್ರಿಗಳೂ ನಕ್ಕು ತಲೆ ಸವರಿಕೊಂಡರು.

“ನಿಜ ಕಣಕ್ಕ. ಮೀನು ಕೊಳ್ಳೋವಾಗ ಏನ್ಮಾಡ್ತೀಯ ನೀನು?”

“ಕಿವಿರು ಎತ್ತಿ ನೋಡ್ತೀನಿ.”

“ಮುಟ್ಬೇಡ ಅಂದ್ರೆ?”

“ಅದೇ ಮೀನಲ್ಲಿ ಅವನ ಕೆನ್ನೆಗೆ ಬಾರಿಸ್ತೀನಿ!”

“ಮತ್ತೆ ಟೋಪಿ ಅಂಗಡೀಲಿ ಯಾಕಕ್ಕ ಕೈ ಕಟ್ಕೊಂಡು ನಿಲ್ತೀಯ? ನಿನ್ನ ತಲೆ ಮಾಡ್ದೋನೂ ದೇವರೇ ಅಲ್ವಾ?”

ವರ್ಲೀನಕ್ಕ ಕೂತಳು. ಬೀಸಣಿಗೆಗಳು ನಿಧಾನವಾಗಿ ಮತ್ತೆ ಆಡತೊಡಗಿದವು. ನಾನೂ ಬೀಸಿಕೊಂಡೆ, ಕಣ್ಣೊಳಗೆ ಹಳದಿ ಟೋಪಿ ಇಟ್ಟುಕೊಂಡೇ.

ಈಸ್ಟರಿನ ಹಿಂದಿನ ದಿನ. ಹ್ಯಾವರ್ಲಿ ಅಮ್ಮ ತಲೆ ಬಗ್ಗಿಸಿ ತೊಟ್ಟಿಯ ಮುಂದೆ ಕೂತಿದ್ದಳು. ನಾನು ಸೋಪು ತಿಕ್ಕುತ್ತಿದ್ದೆ. ಅಂಗಡಿ ಎರಡು ವಾರದಿಂದ ಬಿಕೋ ಅನ್ನುತ್ತಿತ್ತು.

“ಆ ನಿಮ್ಮ ಪಾದ್ರಿ ಮುಂಡೇಮಗ ಪ್ರಾರ್ಥನೆ ಮಾಡ್ಕೊಂಡು ಬಿದ್ದಿರ್ಬಾರ್ದಾ? ಪೇಟೆ ವಿಷಯಕ್ಕೆ ಯಾಕೆ ಬಾಯಿ ಹಾಕ್ಬೇಕು?”

“ಇದೂ ಪ್ರಾರ್ಥನೇನೇ ಅಂತಾರೆ, ಅಮ್ಮಾವ್ರೇ.”

“ಹಾಳಾಗ್ಲಿ. ನಡುಮನೆ ಮೇಜಿನ ಮೇಲೆ ಡಬ್ಬಿ ಇದೆ ನೋಡು, ಲುಡೆಲ್ಲಾ. ಆ ಹಳದಿ ಟೋಪಿ. ನಿನಗೇ, ಸುಮ್ನೆ. ನಾಳೆ ಹಾಕ್ಕೊಂಡು ಹೋಗು. ನೀನೊಬ್ಬಳು ಹಾಕಿದ್ರೆ ಮಿಕ್ಕೋರೂ ಅಂಗಡಿಗೆ ಬರ್ತಾರೆ.”

ಸುಳ್ಳೇಕೆ ಹೇಳಲಿ, ಪಾದ್ರಿ, ಮೋಶೆ, ವರ್ಲೀನಕ್ಕ ಮೂವರೂ ಒಂದು ಕ್ಷಣ ನನ್ನ ತಲೆಯಿಂದ ಇಳಿದು ಹೋದರು. ನನ್ನ ಬೆರಳು ನೊರೆಯಲ್ಲಿ ಹಾಗೇ ನಿಂತವು. ಬೋಳುತಲೆ ಸವರಿಕೊಂಡ ಪಾದ್ರಿಗಳ ಆ ಕೈ ಆಮೇಲೆ ನೆನಪಾಯಿತು.

“ಅಂಗಡೀಲಿ ಹಾಕಿ ನೋಡ್ಲಾ, ಅಮ್ಮಾವ್ರೇ? ದೊಡ್ಡ ಕನ್ನಡಿ ಮುಂದೆ, ಜನ ಇರೋವಾಗ?”

“ತಲೆ ಕೆಟ್ಟಿದ್ಯಾ ನಿಂಗೆ? ಕೊಟ್ಟಿದ್ದನ್ನ ತಗೊಂಡು ಬಾಯಿ ಮುಚ್ಕೊಂಡಿರು. ನೀರು ಹಾಕು, ಕಣ್ಣಿಗೆ ಸೋಪು ಇಳೀತಿದೆ.”

ನಾನು ಚೊಂಬು ಕೆಳಗಿಟ್ಟು, ಕೈ ಒರೆಸಿಕೊಂಡು ನಡುಮನೆಗೆ ಹೋದೆ. ತಲೆಬಟ್ಟೆ ಬಿಚ್ಚಿದೆ. ಡಬ್ಬಿಯಿಂದ ಟೋಪಿ ತೆಗೆದು ಕನ್ನಡಿಯ ಮುಂದೆ ನಿಂತು ತಲೆಗಿಟ್ಟೆ. ಎಡಕ್ಕೆ ವಾಲಿಸಿದೆ. ಬಲಕ್ಕೆ ವಾಲಿಸಿದೆ. ಎಷ್ಟು ಒತ್ತಿದರೂ ಕಿವಿಗಿಂತ ಮೇಲೇ ನಿಂತಿತು.

“ನೀರು ಹಾಕೇ! ಕಣ್ಣು ಉರೀತಿದೆ! ಎಲ್ಲಿ ಸತ್ತೆಯೇ?”

ಟೋಪಿಯನ್ನು ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದೆ. ತಲೆಬಟ್ಟೆ ಬಿಗಿದು ಕಟ್ಟಿಕೊಂಡೆ.

“ಹಾಕಿ ನೋಡ್ದೆ, ಅಮ್ಮಾವ್ರೇ. ಬಿಗಿ ಆಯ್ತು. ಬೇಡ.”

ಅಲ್ಲಿಯವರೆಗೆ ಹಿತ್ತಿಲ ಬಾಗಿಲಲ್ಲೇ ಓಡಾಡಿದವಳು ಅವತ್ತು ಮುಂಬಾಗಿಲಿಂದ ಇಳಿದೆ. ಒಳಗೆ ನೀರಿಗೆ ತಡಕಾಡುವವಳ ಕೈತಾಗಿ ಚೊಂಬು ಉರುಳಿದ ಸದ್ದು ಗೇಟಿನವರೆಗೂ ಕೇಳಿಸಿತು.