ಐದನೆಯ ರೆಕಾರ್ಡು

“ಅಕ್ಕಾ, ಇದನ್ನ ತಪ್ಪು ಹೇಳಬೇಕಾ, ಸರಿ ಹೇಳಬೇಕಾ?”

ಏಳನೆಯ ಚಿತ್ರದ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ಹುಡುಗಿ ಕೇಳಿದಳು. ಅಂಗಡಿಯವನು ‘ಬಿಡಿಯಾಗಿ ಕೊಡಲಾ, ಪೊಟ್ಟಣ ಕಟ್ಟಲಾ’ ಎಂದು ಕೇಳುವಷ್ಟೇ ಸಹಜವಾಗಿ. ಎದುರಿಗೆ ಕೂತಿದ್ದ ತರಬೇತಿಯವಳ ಕೈಯಲ್ಲಿ ಗಡಿಯಾರ ಓಡುತ್ತಿತ್ತು. ಒಂದು ಕಾರ್ಡಿಗೆ ಒಂದು ನಿಮಿಷ. ಚಿತ್ರದಲ್ಲಿ ಒಂದು ತುಂಡು ಇರುವುದಿಲ್ಲ. ಕೆಳಗಿನ ಆರು ತುಂಡುಗಳಲ್ಲಿ ಅಲ್ಲಿ ಕೂರುವುದು ಯಾವುದೆಂದು ಬೆರಳಿಟ್ಟು ತೋರಿಸಬೇಕು.

ಶಾಲೆಯ ಆಟದ ಸಾಮಾನಿನ ಕೋಣೆ ಅದು. ಗಾಳಿ ಹೋದ ಚೆಂಡುಗಳು, ಕಾಲು ಮುರಿದ ಬೆಂಚು, ಗೋಡೆಗೆ ತೂಗುಬಿಟ್ಟ ಹಳೆಯ ಭೂಪಟ. ಶಿಕ್ಷಕರ ತರಬೇತಿ ಕಾಲೇಜಿನಿಂದ ಪ್ರತಿ ವರ್ಷ ಒಬ್ಬರು ಎರಡು ತಿಂಗಳು ಪಾಠದ ಅಭ್ಯಾಸಕ್ಕೆಂದು ಇಲ್ಲಿಗೆ ಬರುತ್ತಾರೆ. ಬಂದವರು ‘ನಿಧಾನ ಕಲಿಕೆಯ ಮಗು’ವೊಂದನ್ನು ಆರಿಸಿಕೊಂಡು ಅದರ ಮೇಲೆ ಒಂದು ರೆಕಾರ್ಡು ಬರೆಯಬೇಕು. ಅದಿಲ್ಲದೆ ಸರ್ಟಿಫಿಕೇಟು ಇಲ್ಲ. ಈ ಶಾಲೆಯಲ್ಲಿ ಆರಿಸುವ ಕಷ್ಟವೇ ಇರಲಿಲ್ಲ. ಮೊದಲ ದಿನವೇ ಹೆಡ್ ಮೇಡಂ ಏಳನೇ ಕ್ಲಾಸಿನ ಬಾಗಿಲಲ್ಲಿ ನಿಂತು, “ಏಯ್ ಮೊದ್ದು, ಅಕ್ಕನ ಜೊತೆ ಹೋಗು” ಎಂದಿದ್ದರು. ಕ್ಲಾಸು ನಕ್ಕಿತ್ತು. ಹುಡುಗಿಯೂ ನಕ್ಕಿದ್ದಳು. ಕೋಣೆಯ ಬೀಗದಕೈ ಯಾವ ಮೊಳೆಗೆ ತೂಗುಹಾಕಿದೆಯೆಂದು ಅವಳಿಗೇ ಗೊತ್ತಿತ್ತು.

“ಗೊತ್ತಿದ್ದ ಹಾಗೆ ಹೇಳು,” ಎಂದಳು ತರಬೇತಿಯವಳು.

“ಗೊತ್ತಿದ್ದ ಹಾಗೆ ಹೇಳಿದ್ರೆ ಆಮೇಲೆ ನಿಮಗೇ ಕಷ್ಟ, ಅಕ್ಕ.”

“ನನಗೇನು ಕಷ್ಟ?”

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಮೂರನೇ ಕ್ಲಾಸಲ್ಲಿ ನಾನು ಕಾಲು ಮುರ್ಕೊಂಡು ಎರಡು ತಿಂಗಳು ಬಂದಿರ್ಲಿಲ್ಲ. ಮಗ್ಗಿ ಬರ್ತಿರ್ಲಿಲ್ಲ ಅಂತ ಆವಾಗಿನ ಅಕ್ಕನ ಹತ್ರ ಕಳಿಸಿದ್ರು. ನಾನು ಎಲ್ಲಾ ಕಾರ್ಡೂ ಸರಿ ಹೇಳಿಬಿಟ್ಟೆ. ಅವರು ಅಳೋಕೇ ಶುರು ಮಾಡಿದ್ರು. ಅರ್ಧ ರೆಕಾರ್ಡು ಬರೆದಾಗಿದೆ, ಇನ್ನೊಂದು ದಡ್ಡೀನ ಎಲ್ಲಿಂದ ತರಲಿ ಅಂತ. ಪಾಪ ಅನ್ನಿಸ್ತು. ಇನ್ನೊಂದ್ಸಲ ಕೇಳಿ ಅಕ್ಕ ಅಂದೆ. ತಪ್ಪು ಹೇಳಿದೆ. ಶಹಬ್ಬಾಸ್ ಅಂತ ಪೆನ್ಸಿಲ್ ಕೊಟ್ರು.”

“ಆಮೇಲೆ?”

“ಆಮೇಲೆ ವರ್ಷವರ್ಷಾನೂ ಅದೇ. ಎಲ್ಲರೂ ಪೆನ್ಸಿಲ್ಲೇ ಕೊಡೋದು.”

“ಎಷ್ಟು ತಪ್ಪು ಹೇಳಬೇಕು ಅಂತ ನಿನಗೆ ಹೇಗೆ ಗೊತ್ತಾಗತ್ತೆ?”

“ಮುಖ ನೋಡಿದ್ರೆ ಗೊತ್ತಾಗತ್ತಲ್ಲ. ಸರಿ ತುಂಡಿನ ಮೇಲೆ ಬೆರಳಿಟ್ರೆ ಹುಬ್ಬು ಗಂಟಾಗತ್ತೆ. ತಪ್ಪಿನ ಮೇಲಿಟ್ರೆ ಮುಖ ಹಗುರ ಆಗತ್ತೆ.” ಹುಡುಗಿ ದನಿ ತಗ್ಗಿಸಿದಳು, “ನಿಮ್ಮದೂ ಆಯ್ತು. ಎರಡನೇ ಕಾರ್ಡಿಗೆ.”

ತರಬೇತಿಯವಳು ಗಡಿಯಾರ ನಿಲ್ಲಿಸಿದಳು. ಕೆನ್ನೆಗೆ ಯಾರೋ ಬಾರಿಸಿದ ಹಾಗಾಗಿತ್ತು. ಹೌದು, ಎರಡನೆಯ ಕಾರ್ಡು ತಪ್ಪಾದಾಗ ಅವಳಿಗೆ ಸಮಾಧಾನವೇ ಆಗಿತ್ತು. ಗೋಡೆಯಾಚೆ ಏಳನೇ ಕ್ಲಾಸು ಒಕ್ಕೊರಲಿನಲ್ಲಿ ಕೂಗುತ್ತಿತ್ತು: “ಮೊದಲು ಛೇದ ಸಮ ಮಾಡಬೇಕು!” ಅವಳು ಒಂದು ಹಾಳೆಯ ಮೇಲೆ ಭಿನ್ನರಾಶಿಯ ಸಣ್ಣದೊಂದು ಲೆಕ್ಕ ಬರೆದು ಮುಂದಿಟ್ಟಳು. ಅರ್ಧಕ್ಕೆ ಕಾಲು ಕೂಡಿಸುವುದು, ಅಷ್ಟೇ.

ಹುಡುಗಿ ಹಾಳೆ ನೋಡಿದಳು, ಅಕ್ಕನ ಮುಖ ನೋಡಿದಳು, ಮತ್ತೆ ಹಾಳೆ ನೋಡಿದಳು. ಈ ಸಲ ನಗಲಿಲ್ಲ.

“ಇದು ನಿಜವಾಗ್ಲೂ ಬರಲ್ಲ. ಅಕ್ಕಂದಿರು ಬರೋ ತಿಂಗಳೇ ಕ್ಲಾಸಲ್ಲಿ ಇದು ನಡೆಯೋದು. ಪ್ರತಿ ವರ್ಷ ನಾನು ಇಲ್ಲೇ ಇರ್ತೀನಿ.”

ತರಬೇತಿಯವಳು ತನ್ನ ರೆಕಾರ್ಡು ತೆರೆದಳು. ಮೊದಲ ನಾಲ್ಕು ಪುಟ ಆಗಲೇ ತುಂಬಿದ್ದವು. ಹಿಂದಿನ ವರ್ಷದವಳಿಂದ ಇಸಕೊಂಡು ಮೂರು ಬಣ್ಣದ ಶಾಯಿಯಲ್ಲಿ ಚಂದವಾಗಿ ನಕಲು ಮಾಡಿದ್ದಳು. ಎಲ್ಲರೂ ಮಾಡುವುದೇ ಅದು. ‘ಮಗುವಿನ ವಯಸ್ಸು ಎಂಟು. ತಂದೆ ಕುಡಿತದ ದಾಸ. ಮನೆಯಲ್ಲಿ ಕಲಿಕೆಗೆ ಪೂರಕ ವಾತಾವರಣವಿಲ್ಲ.’

“ನಿಮ್ಮಪ್ಪ ಕುಡೀತಾರಾ?”

“ಏನು, ಚಹಾನಾ?” ಎಂದಳು ಹುಡುಗಿ.

*

ಕಾಲೇಜಿನ ಬೀರುವಿನಲ್ಲಿ ಹಿಂದಿನ ನಾಲ್ಕೂ ರೆಕಾರ್ಡುಗಳು ಸಿಕ್ಕವು. ಕೈಬರಹ ಬೇರೆಬೇರೆ, ಮಾತು ಒಂದೇ. ನಾಲ್ಕು ವರ್ಷ ಕಳೆದರೂ ಹುಡುಗಿಗೆ ಎಂಟೇ ವರ್ಷ, ನಾಲ್ಕರಲ್ಲೂ ಅಪ್ಪ ಕುಡುಕ. ನಾಲ್ಕರ ಕೊನೆಯಲ್ಲೂ ಮನಶ್ಶಾಸ್ತ್ರದ ಸರ್ ಹಸಿರು ಶಾಯಿಯಲ್ಲಿ ‘ಉತ್ತಮ’ ಎಂದು ಬರೆದು ಸಹಿ ಹಾಕಿದ್ದರು.

ಸರ್ ಪಾಠ ಮಾಡುವುದರಲ್ಲಿ ಎತ್ತಿದ ಕೈ. ಕಲಿಕೆ, ಪ್ರೇರಣೆ, ಪುನರ್ಬಲನ ಎಂದು ಅವರು ಶುರುಮಾಡಿದರೆ ಗಂಟೆ ಹೊಡೆದರೂ ಯಾರೂ ಏಳುತ್ತಿರಲಿಲ್ಲ. ಪೆಟ್ಟಿಗೆಯೊಳಗಿನ ಇಲಿ ಸನ್ನೆಗೋಲು ಒತ್ತಿದ್ದು, ಕಾಳು ಉದುರಿದ್ದು, ಇಲಿ ಮತ್ತೆ ಮತ್ತೆ ಒತ್ತಿದ್ದು, ಎಲ್ಲವನ್ನೂ ಬೆರಳಲ್ಲೇ ಅಭಿನಯಿಸಿ ತೋರಿಸುತ್ತಿದ್ದರು.

ಅವಳು ಹೇಳಿದ್ದನ್ನೆಲ್ಲ ಅವರು ಕನ್ನಡಕ ಒರೆಸುತ್ತಾ ಕೇಳಿದರು.

“ಭಲೇ ಹುಡುಗಿ,” ಎಂದು ನಕ್ಕರು.

“ಸರ್, ಅವಳು ಒತ್ತಿದ ಕಡೆ ಕಾಳು ಹಾಕಿದೋರು ನಾವು. ತಪ್ಪು ಹೇಳಿದ್ದಕ್ಕೆ ಪೆನ್ಸಿಲು, ಸರಿ ಹೇಳಿದ್ದಕ್ಕೆ ಸಿಡುಕು. ನಾಲ್ಕು ವರ್ಷ.”

“ಒಳ್ಳೇ ಉದಾಹರಣೆ. ಪರೀಕ್ಷೇಲಿ ಬರಿ, ಎರಡು ಮಾರ್ಕು ಜಾಸ್ತಿ ಬೀಳತ್ತೆ.” ಕನ್ನಡಕ ಏರಿಸಿಕೊಂಡರು. “ನೋಡಮ್ಮ, ಎರಡು ವರ್ಷದ ಮಗೂನ ನಿನ್ನ ತಾಯಿ ಹತ್ರ ಬಿಟ್ಟು ಓದೋಕೆ ಬಂದಿದೀಯ. ಒಂದು ವರ್ಷ ಕಳ್ಕೋಬೇಡ. ಸೋಮವಾರ ನಾನೇ ಆ ಶಾಲೆಗೆ ಬರ್ತಿದೀನಿ, ರೆಕಾರ್ಡು ಮುಗಿಸಿಟ್ಟಿರು. ಈ ನಾಲ್ಕನ್ನೂ ಅಲ್ಲಿನ ಮೇಡಂ ಕೇಳಿದಾರೆ. ಆ ಹುಡುಗೀನ ಏಳನೇ ಕ್ಲಾಸಿನ ಪರೀಕ್ಷೆ ಪಟ್ಟಿಯಿಂದ ಬಿಡ್ತಾರಂತೆ. ಅಪ್ಪನ ಸಹಿಗೆ ಇದನ್ನೆಲ್ಲ ತೋರಿಸಬೇಕಂತೆ.”

“ಬಿಡ್ತಾರಾ?”

“ಒಳ್ಳೇದೇ ಆಯ್ತು ಅನ್ನು. ಮುಂದಿನ ವರ್ಷದವರಿಗೂ ಅನುಕೂಲ,” ಎಂದರು ಸರ್. ತಮಾಷೆಗೇ ಅಂದದ್ದು.

ಅವಳು ಹೊಲದ ನಡುವೆ ಬೆಳೆದವಳು. ಎಳೆಗರು ತಲೆ ತಗ್ಗಿಸಿ ಹಾಯಲು ಬಂದಾಗ ಮೊಮ್ಮಕ್ಕಳು ಮುದ್ದಿಗೆ ಹುಲ್ಲು ಹಿಡಿದರೆ ಅವಳ ಅಜ್ಜ ಕೈಗೇ ಹೊಡೆಯುತ್ತಿದ್ದ. ‘ಹಾಯೋ ಕರುವಿಗೆ ಹುಲ್ಲು ಕೊಟ್ರೆ ನಾಳೆ ಅದಕ್ಕೆ ಮೂಗುದಾರ, ಬಡಿಗೆ. ತಪ್ಪು ನಿಂದು, ಏಟು ಅದಕ್ಕಾ?’ ಎನ್ನುತ್ತಿದ್ದ. ಸಹಿ ಹಾಕುವುದೊಂದನ್ನು ಬಿಟ್ಟರೆ ಓದುಬರಹ ಬಾರದ ಅಜ್ಜ. ಮೂರು ಬಣ್ಣದ ಶಾಯಿಯ ರೆಕಾರ್ಡನ್ನು ಚೀಲಕ್ಕೆ ತುರುಕಿ ಅವಳು ಹೊರಟಳು.

*

ಸೋಮವಾರ ಹುಡುಗಿಯ ಅಪ್ಪ ಬಂದ. ಶಾಲೆಯ ಗೇಟಿನ ಎದುರಿಗೇ ಅವನ ಸೈಕಲ್ ರಿಪೇರಿ ಅಂಗಡಿ. ಸೀಮೆಎಣ್ಣೆಯಲ್ಲಿ ಕೈ ತೊಳೆದುಕೊಂಡಿದ್ದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತ. ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಸರ್ ಕಿಟಕಿಯ ಪಕ್ಕ ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದರು.

ಹೆಡ್ ಮೇಡಂ ಕೆಟ್ಟವರಲ್ಲ. ಏಳು ಕ್ಲಾಸಿಗೆ ಮೂರೇ ಟೀಚರು. ಫಲಿತಾಂಶ ಕುಸಿದರೆ ಆ ಮೂವರಲ್ಲೂ ಒಬ್ಬರನ್ನು ಕಿತ್ತುಕೊಳ್ಳುತ್ತಾರೆಂಬ ಹೆದರಿಕೆ ಅವರ ನಿದ್ದೆ ತಿಂದಿತ್ತು. “ಫೇಲಾಗಿ ಅವಮಾನ ಪಡೋದಕ್ಕಿಂತ ಇನ್ನೊಂದು ವರ್ಷ ಇಲ್ಲೇ ಇರಲಿ,” ಎಂದರು. “ನಾನೊಬ್ಬಳೇ ಹೇಳ್ತಿಲ್ಲ. ನಾಲ್ಕು ಜನ ಪರೀಕ್ಷೆ ಮಾಡಿ ಬರೆದಿದಾರೆ. ಐದನೇದೂ ಬಂದಿದೆ. ಇಲ್ಲಿ ಸಹಿ ಹಾಕಿ.”

ಅಪ್ಪ ಪೆನ್ನು ತೆಗೆದುಕೊಂಡ. ದೊಡ್ಡವರು ಹೇಳಿದ ಮೇಲೆ ಮುಗಿಯಿತು ಎಂಬಂತೆ ಕಾಗದದ ಮೇಲೆ ಬಗ್ಗಿದ.

“ಸಹಿಗೆ ಮುಂಚೆ ಅದನ್ನ ಒಂದ್ಸಲ ಓದಿ,” ಎಂದಳು ತರಬೇತಿಯವಳು.

ಸರ್ ತಲೆಯೆತ್ತಿದರು. ಅಪ್ಪ ಮೇಜಿನ ಮೇಲಿದ್ದ ನಾಲ್ಕರಲ್ಲಿ ಮೇಲಿನ ರೆಕಾರ್ಡನ್ನು ಎಳೆದುಕೊಂಡು, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡುವವನ ಹಾಗೆ ಪದದಿಂದ ಪದಕ್ಕೆ ಬೆರಳು ಸರಿಸುತ್ತಾ ಓದಿದ. “ತಂದೆ... ಕುಡಿತದ... ದಾಸ.” ಬೆರಳು ನಿಂತಿತು.

“ಇದು ಯಾರ ವಿಷಯ?”

ಅವನು ಎರಡನೆಯದನ್ನು ತೆರೆದ. ಮೂರನೆಯದು, ನಾಲ್ಕನೆಯದು. ಪ್ರತಿಯೊಂದರಲ್ಲೂ ಅದೇ ಜಾಗಕ್ಕೆ ಬೆರಳಿಟ್ಟ.

“ನಾಲ್ಕು ಸಲ ಬರೆದಿದೀರಲ್ಲ ಮೇಡಂ, ಒಬ್ಬರಾದ್ರೂ ಬಂದು ನನ್ನ ಬಾಯಿ ಮೂಸಿ ನೋಡಬಾರದಿತ್ತಾ? ಅಂಗಡಿ ಇರೋದು ಗೇಟಿನ ಎದುರಿಗೆ. ಈ ಸಾರ್ ಸ್ಕೂಟರಿಗೆ ಗಾಳಿ ಹೊಡೆಯೋನು ನಾನೇ. ಈಗ ಬರೋವಾಗಲೂ ಹೊಡೆದೆ.”

“ಅದು ಹಿನ್ನೆಲೆ ಅಂತ ಬರೆಯೋದು... ಒಂದು ಪದ್ಧತಿ,” ಎಂದರು ಸರ್. “ವೈಯಕ್ತಿಕವಾಗಿ ತಗೋಬೇಡಿ.”

“ಇದರಲ್ಲಿ ನನ್ನ ಮಗಳಿಗೆ ಎಂಟು ವರ್ಷ. ಇದರಲ್ಲೂ ಎಂಟು. ಹೋದ ವರ್ಷದ್ದರಲ್ಲೂ ಎಂಟು.” ಅವನ ದನಿ ಏರಲಿಲ್ಲ; ಪೆನ್ನು ಹಿಡಿದ ಬೆರಳ ಗೆಣ್ಣು ಬಿಳಿಚಿಕೊಂಡಿತ್ತು. “ಇವಳು ಬೆಳೆಯೋದೇ ಬೇಡ್ವಾ ಸಾರ್ ನಿಮ್ಮ ಲೆಕ್ಕದಲ್ಲಿ? ಐದನೇದು ಯಾರು ಬರೆದದ್ದು?”

“ನಾನು,” ಎಂದಳು ತರಬೇತಿಯವಳು.

“ಅದರಲ್ಲೂ ಇದೆಯಾ?”

“ಇದೆ. ನಾನೂ ನೋಡದೆ ನಕಲು ಮಾಡಿದೆ.” ಅವಳು ಆ ಪುಟಗಳನ್ನು ಹರಿದುಹಾಕಿರಲಿಲ್ಲ. ರೆಕಾರ್ಡನ್ನು ಸರ್ ಮುಂದಿಟ್ಟಳು. “ಮೊದಲ ನಾಲ್ಕು ಪುಟ ನಕಲು ಅಂತ ಮೇಲೇ ಬರೆದಿದೀನಿ ಸರ್. ಅದರ ಹಿಂದೆ ಇರೋದು ನಾನು ಕಂಡದ್ದು. ಪೆನ್ಸಿಲಿನ ವಿಷಯವೂ ಇದೆ, ಭಿನ್ನರಾಶಿ ತಪ್ಪಿಹೋದದ್ದೂ ಇದೆ.”

“ನಕಲು ಅಂತ ನೀನೇ ಬರೆದುಕೊಟ್ರೆ ನಾನು ಸಹಿ ಹಾಕೋದು ಹೇಗೆ?”

“ಹಾಕಬೇಡಿ. ಆ ನಾಲ್ಕಕ್ಕೆ ಹೇಗೆ ಹಾಕಿದ್ರಿ, ಅದನ್ನ ಮಾತ್ರ ಇವರಿಗೆ ಹೇಳಿ.”

ಸರ್ ಮುಖ ಕೆಂಪಾಯಿತು. ಅವರು ಬಾಯಿ ತೆರೆಯುವ ಮೊದಲೇ ಹೆಡ್ ಮೇಡಂ ಮೇಜಿಗೆ ಅಂಗೈ ಬಡಿದರು.

“ಸಾಕು! ಎಲ್ಲರ ಕೋಪವೂ ಸರಿ. ಈಗ ಇವಳಿಗೆ ಭಿನ್ನರಾಶಿ ಮಾಡೋಕೆ ಬರತ್ತಾ, ಅದು ಹೇಳಿ. ಪರೀಕ್ಷೇಲಿ ಕೇಳೋದು ಲೆಕ್ಕಾನ, ನಿಮ್ಮ ಕೋಪಾನ ಅಲ್ಲ.” ಉಸಿರು ಎಳೆದುಕೊಂಡರು. “ಪಟ್ಟಿ ಹೋಗೋದು ಗುರುವಾರ. ಅವತ್ತು ಬೆಳಿಗ್ಗೆ ನಾನೇ ಹತ್ತು ಲೆಕ್ಕ ಕೊಡ್ತೀನಿ. ಆರು ಸರಿ ಮಾಡಿದ್ರೆ ಹೆಸರು ಸೇರಿಸ್ತೀನಿ. ಇಲ್ಲಾಂದ್ರೆ ಇಲ್ಲ.”

ಅಪ್ಪ ಪೆನ್ನಿಗೆ ಟೊಪ್ಪಿಗೆ ಹಾಕಿ, ಸಹಿಯಿಲ್ಲದ ಕಾಗದದ ಮೇಲಿಟ್ಟು ಎದ್ದ. “ಗುರುವಾರ ಬರ್ತೀನಿ.”

*

ಇನ್ನು ಈ ಶಾಲೆಗೆ ಹೋಗಬೇಕಾಗಿಲ್ಲ ಎಂದು ಕಾಲೇಜಿನಿಂದ ಚೀಟಿ ಬಂತು. ಅವಳು ಹೋದಳು. ಹೆಡ್ ಮೇಡಂ ನೋಡಿಯೂ ನೋಡದವರ ಹಾಗೆ ಬೀಗದಕೈಯ ಮೊಳೆಗೆ ಬೆನ್ನು ಮಾಡಿ ನಿಂತರು.

ಮಂಗಳವಾರ, ಮೊದಲ ಲೆಕ್ಕಕ್ಕೂ ಮೊದಲೇ, ಚೀಲದಲ್ಲಿದ್ದ ಪೆನ್ಸಿಲನ್ನು ತೆಗೆದು ಕೊಟ್ಟುಬಿಟ್ಟಳು. ಹುಡುಗಿಗೆ ಅದು ವಿಚಿತ್ರವಾಗಿ ಕಂಡಿತು. “ಇನ್ನೂ ಏನೂ ಮಾಡೇ ಇಲ್ವಲ್ಲ ಅಕ್ಕ?” ಎಂದಳು. ಇಬ್ಬರೂ ಕಾಗದ ಮಡಿಸಿದರು, ಕತ್ತರಿಸಿದರು, ಕಾಲನ್ನೂ ಅರೆಕಾಲನ್ನೂ ನೆಲದ ಮೇಲೆ ಜೋಡಿಸಿದರು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಲೆಕ್ಕಗಳು ಕೂಡಿಬರತೊಡಗಿದವು. ಆದರೆ ಪ್ರತಿ ಸಾಲಿಗೂ ಹುಡುಗಿ ಪೆನ್ಸಿಲು ಎತ್ತಿ ಹಿಡಿದು ಮುಖ ನೋಡುತ್ತಿದ್ದಳು. ಒಂದು ಅಂಕಿ ಬರೆಯುತ್ತಿದ್ದಳು, ಅಕ್ಕನ ಹುಬ್ಬು ಅಲ್ಲಾಡಿದರೆ ಅಳಿಸುತ್ತಿದ್ದಳು.

“ಯಾಕೆ ಅಳಿಸಿದೆ?”

“ನಿಮ್ಮ ಮುಖ ಹಾಗಾಯ್ತಲ್ಲ.”

“ನಾಳೆ ಹೆಡ್ ಮೇಡಂ ಮುಖ ನೋಡಿ ಬರೀತೀಯಾ?”

ಹುಡುಗಿ ಯೋಚಿಸಿದಳು. “ಅವರ ಮುಖ ಯಾವಾಗ್ಲೂ ಒಂದೇ ಥರ.”

ತರಬೇತಿಯವಳು ಹೊಸ ಹಾಳೆಯಲ್ಲಿ ಒಂದು ಲೆಕ್ಕ ಬರೆದಳು. ಮುಕ್ಕಾಲಿಗೆ ಎಂಟರಲ್ಲಿ ಐದು ಭಾಗ ಕೂಡಿಸುವುದು. ಹಾಳೆಯನ್ನು ಹುಡುಗಿಯ ಮುಂದೆ ತಳ್ಳಿ, ಎದ್ದು, ತನ್ನ ಕುರ್ಚಿಯನ್ನು ತಿರುಗಿಸಿ ಗೋಡೆಗೆ ಮುಖ ಮಾಡಿ ಕೂತಳು.

“ಅಕ್ಕಾ?”

ಅವಳು ತಿರುಗಲಿಲ್ಲ. ಎದುರಿಗೆ ಹಳೆಯ ಭೂಪಟವಿತ್ತು. ಊರುಗಳ ಹೆಸರುಗಳೆಲ್ಲ ಅಳಿಸಿಹೋಗಿ ನದಿಗಳ ನೀಲಿ ಗೆರೆ ಮಾತ್ರ ಉಳಿದಿತ್ತು. ಬೆನ್ನ ಹಿಂದೆ ಬೆಂಚು ಕಿರುಗುಟ್ಟಿತು. ಮತ್ತೆ ಏನೂ ಇಲ್ಲ. ಅವಳು ಮಂಡಿಗಳನ್ನು ಬಿಗಿಯಾಗಿ ಹಿಡಿದುಕೊಂಡು ಒಂದು ನದಿಯನ್ನು ಮೂಲದಿಂದ ಸಮುದ್ರದವರೆಗೆ ಕಣ್ಣಲ್ಲೇ ಹಿಂಬಾಲಿಸಿದಳು, ಇನ್ನೊಂದನ್ನು ಹಿಂಬಾಲಿಸಿದಳು.

ಮೂರನೆಯ ನದಿಯ ಅರ್ಧದಲ್ಲಿರುವಾಗ ಹಾಳೆಯ ಮೇಲೆ ಪೆನ್ಸಿಲು ಗೀರಿದ ಸದ್ದಾಯಿತು. ನಿಂತಿತು. ಮತ್ತೆ ಶುರುವಾಯಿತು.