ಹೊಸ ಲೈಟಿನ ಮೇಲೆ ದೂರು

ಅರ್ಜಿ ಕೊಟ್ಟು ಕೊಟ್ಟು ಕೈ ಸೋತ ಮೇಲೆ ನಮ್ಮ ಕೇರಿಗೆ ಬೀದಿದೀಪ ಬಂತು. ಊರ ಬೀದಿಯಲ್ಲಿ ಕಂಬಕ್ಕೊಂದು. ನಮಗೆ ಇಡೀ ಕೇರಿಗೆ ಒಂದು. ಅದಕ್ಕೂ ಪಂಚಾಯಿತಿ ಮುಂದೆ ಧರಣಿ ಕೂರಬೇಕಾಯಿತು. ಕೂರಿಸಿದವಳು ಹೊಲದ ಕೂಲಿಯ ದೊಡ್ಡಮಾದಮ್ಮ.

ದೀಪ ಬಂದ ವಾರಕ್ಕೇ ಅವಳು ಮುಖ ಊದಿಸಿಕೊಂಡಳು.

"ನೋಡ್ರಲಾ, ಲೈಟಿನ ಸುತ್ತ ಬಳೆ ಬಳೆ ಬಣ್ಣ. ಕೆಂಪು, ನೀಲಿ. ಕೆಟ್ಟೋದ ಬಲ್ಬು ತಂದು ನಮಗೆ ತಗಲಾಕವ್ರೆ!"

ನಮಗಾರಿಗೂ ಬಣ್ಣ ಕಾಣಲಿಲ್ಲ. ಆದರೂ ನಂಬಿದೆವು. ಹಳಸಿದ ಅನ್ನ, ಹರಿದ ಪುಸ್ತಕ, ಸೋರುವ ಕೊಳಾಯಿ ಬಂದ ಕೇರಿಗೆ ಲೈಟೊಂದು ನೆಟ್ಟಗೆ ಬಂದೀತೆ? ಮೋಡ ಕವಿದಿದ್ದ ಅಂದಿನ ಸಂಜೆಯೇ ಎಲ್ಲರೂ ಪಂಚಾಯಿತಿಗೆ ನುಗ್ಗಿದೆವು.

ದೊಡ್ಡಮಾದಮ್ಮ ಹುಬ್ಬಿನ ಮೇಲೆ ಕೈ ಒತ್ತಿಕೊಂಡೇ ಅಧ್ಯಕ್ಷರ ಮುಂದೆ ಗುಡುಗಿದಳು. ನಡುವೆ ಅವರ ತಲೆ ಮೇಲಿನ ಬಲ್ಬು ನೋಡಿ ತಡೆದಳು.

"ನಿಮ್ದೂ ಕೆಟ್ಟೋಗದೆ!"

ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಲೈಟಲ್ಲ ಕಣಮ್ಮಿ, ನಿನ್ ಕಣ್ಣು ಕೆಟ್ಟದೆ. ದೂರು ವಾಪಸ್ ತಕೊಂಡು ಓಗು."

ನಮ್ಮ ಜೊತೆ ಬಂದಿದ್ದ ಪವಿತ್ರ ನಗಲಿಲ್ಲ. ಅವಳು ದೊಡ್ಡಮಾದಮ್ಮನ ತಮ್ಮನ ಮಗಳು, ಚಂದಕವಾಡಿಯಲ್ಲಿ ನರ್ಸು. "ಅತ್ತೆ, ತಲೆ ನೋಯ್ತದಾ?"

"ಮಧ್ಯಾನದಿಂದ. ಮಲಗಿದ್ರೆ ಓಯ್ತದೆ ಬುಡು."

"ಕಣ್ಣು ಮಂಜಾಗದಾ? ವಾಂತಿ ಬಂದಂಗೆ?"

"ಊಂ."

"ಕಣ್ಣೊಳಗೆ ಒತ್ತಡ ಏರಿರ್ಬೋದು. ನಾಳೆ ಅನ್ನಬ್ಯಾಡ, ಈಗ್ಲೇ ದೊಡ್ಡಾಸ್ಪತ್ರೆಗೆ ನಡಿ. ಓದ ಕಣ್ಣು ತಿರುಗಿ ಬರಲ್ಲ."

ದೊಡ್ಡಮಾದಮ್ಮ ಕದಲಲಿಲ್ಲ. ತನ್ನ ಕಣ್ಣು ಕೆಟ್ಟಿದೆ ಎಂದರೆ ಅಧ್ಯಕ್ಷರು ಗೆದ್ದಂತೆ. ಇನ್ನು ನಾವೇನು ಕೇಳಿದರೂ ಈ ನಗುವೇ ಉತ್ತರ.

ಪವಿತ್ರ ಪಿಸುಗುಟ್ಟಿದಳು. "ಇವ್ರತ್ರ ಇನ್ನೂ ಎಷ್ಟು ಜಗಳ ಬಾಕಿ ಅದೆ ಅತ್ತೆ. ಮಖ ಕಾಣ್ದೆ ಎಂಗ್ ಆಡೀಯೆ?"

ದೊಡ್ಡಮಾದಮ್ಮ ಸೆರಗು ಬಿಗಿದಳು. "ಊಂ ಸ್ವಾಮಿ, ಲೈಟು ಸರಿಯಾಗದೆ. ನನ್ ಕಣ್ಣೇ ಕೆಟ್ಟಿರೋದು, ಒಪ್ಕಂಡೆ. ಈಗ ನಿಮ್ ಜೀಪ್ ತಗೀರಿ."

ನಗು ನಿಂತಿತು. ಆ ಜೀಪನ್ನು ನಮ್ಮವರು ತೊಳೆದದ್ದುಂಟು, ಒಳಗೆ ಕೂತದ್ದಿಲ್ಲ. ಬಾಗಿಲ ತುಂಬ ಜನ. ಅಧ್ಯಕ್ಷರು ಕೀ ತೆಗೆದರು. ಅವಳು ಮುಂದಿನ ಸೀಟಿಗೇ ಹತ್ತಿದಳು.

ಚಾಮರಾಜನಗರದ ದೊಡ್ಡಾಸ್ಪತ್ರೆಯಲ್ಲಿ ಅಂದೇ ಔಷಧಿ ಕೊಟ್ಟು ಒತ್ತಡ ಇಳಿಸಿದರು. ಮೈಸೂರಿಗೆ ಕಳಿಸಿ ಎರಡೂ ಕಣ್ಣಿಗೆ ಲೇಸರ್ ಮಾಡಿಸಿದರು. ಹೊತ್ತಿಗೆ ಸರಿಯಾಗಿ ಬಂದದ್ದಕ್ಕೆ ದೃಷ್ಟಿ ಉಳಿಯಿತು ಎಂದರು ಡಾಕ್ಟರು. ಇದು ಮನೆತನದಲ್ಲಿ ಬರಬಹುದು, ಒಡಹುಟ್ಟಿದವರೂ ಮಕ್ಕಳೂ ತೋರಿಸಿಕೊಳ್ಳಲಿ ಎಂದೂ ಹೇಳಿದರು.

ಊರಿಗೆ ಬಂದವಳು ಜಗಲಿಯ ಮೇಲೆ ಕಾಲು ಚಾಚಿ, ಟೀ ಕುಡಿದು, ತಮ್ಮ ಪುಟ್ಟಮಾದುವನ್ನು ಕರೆದಳು.

"ಓಗ್ಲಾ, ಅಧ್ಯಕ್ಷರಿಗೇಳು. ನಾಳೆ ನಾವೆಲ್ಲ ಕಣ್ ತೋರ್ಸಕ್ಕೆ ಓಯ್ತೀವಿ."

"ಜೀಪ್ ಕೇಳನಾ ಅಕ್ಕ?"

"ಜೀಪ್ ಎಲ್ಲಿ ಸಾಕಾದದ್ಲಾ ನಮ್ ವಂಶಕ್ಕೆ? ಟ್ರ್ಯಾಕ್ಟರ್ ಕಳ್ಸಿ ಅನ್ನು."