ಸಹಿಯಾದ ಮೇಲೆ ಬರೆದ ಶ್ರೀ

ನಾಯಂಡಹಳ್ಳಿಯ ಹನುಮಯ್ಯನವರ ಲೇತ್ ವರ್ಕ್‌ಶಾಪಿನಲ್ಲಿ ಒಂದು ಕಾಗದ ಹುಡುಕಲು ಹೋದರೆ ಅದೊಂದನ್ನು ಬಿಟ್ಟು ಉಳಿದೆಲ್ಲ ಸಿಗುತ್ತಿತ್ತು. ಹಳೇ ಕರೆಂಟು ಬಿಲ್ಲು, ಯಾರದೋ ಗೃಹಪ್ರವೇಶದ ಆಹ್ವಾನ ಪತ್ರಿಕೆ, ಮಗಳ ಏಳನೇ ತರಗತಿಯ ಮಾರ್ಕ್ಸ್ ಕಾರ್ಡು.

ಅವತ್ತು ಅವರಿಗೆ ನಿಜವಾದ ಪೇಚಾಟ. ಕಾರ್ಖಾನೆಯೊಂದು ಗೇರ್ ಮಾಡುವ ಕೆಲಸ ಕೊಡಲು ಒಪ್ಪಿತ್ತು. ಆದರೆ ಒಪ್ಪಂದಕ್ಕೆ ಡಿಜಿಟಲ್ ಸಹಿ ಹಾಕಿ ಸಂಜೆ ಐದರೊಳಗೆ ಇಮೇಲ್ ಮಾಡಬೇಕು. ತಪ್ಪಿದರೆ ಕೆಲಸ ಬೇರೆಯವರ ಪಾಲು, ಇಲ್ಲಿನ ಆರು ಕೆಲಸಗಾರರು ಮನೆಗೆ. ಅವರಲ್ಲಿ ಮಹದೇವ ಇಪ್ಪತ್ತು ವರ್ಷದಿಂದ ಜೊತೆಗಿದ್ದವನು. ಅವನ ಮುಖ ನೋಡಲು ಹನುಮಯ್ಯನವರಿಗೆ ಧೈರ್ಯವಾಗುತ್ತಿರಲಿಲ್ಲ.

ಬೆಳಿಗ್ಗೆಯೇ ಅವರು ಪೆನ್ನಿನಲ್ಲಿ ಸಹಿ ಹಾಕಿ, ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸಿದ್ದರು. ಫೋಟೊದಲ್ಲಿ ಅರ್ಧ ಒಪ್ಪಂದ, ಅರ್ಧ ಇಡ್ಲಿ ತಟ್ಟೆ. ಇದು ನಡೆಯುವುದಿಲ್ಲ ಎಂದು ಕಾರ್ಖಾನೆಯವರು ಹೇಳಿಬಿಟ್ಟರು. ಕೊನೆಗೆ ಹೆಂಡತಿ ಮುನಿತಾಯಮ್ಮ, ಬಾಪೂಜಿ ನಗರದಲ್ಲಿ ಟೈಪಿಂಗ್ ಅಂಗಡಿ ಇಟ್ಟಿರುವ ಬಿಂದುಶ್ರೀಯನ್ನು ಲ್ಯಾಪ್‌ಟಾಪ್ ಸಮೇತ ಕರೆಸಿದರು.

"ನಿಮ್ ಸಹಿ ಟೋಕನ್ ಎಲ್ಲಿ ಅಂಕಲ್?" ಎಂದಳು ಅವಳು.

ಪೆನ್‌ಡ್ರೈವಿನಂಥ ಆ ಟೋಕನ್ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಮೇಲೆ ಪಿನ್ ನಂಬರು ದಪ್ಪಕ್ಷರದಲ್ಲಿ ಬರೆದಿತ್ತು.

"ಮರ್ತೋಗತ್ತೆ ಅಂತ ಬರ್ದಿಟ್ಟಿದೀನಿ ಕಣಮ್ಮ."

"ಹಂಗಿದ್ರೆ ನಿಮ್ ಸಹಿಗೆ ನೀವೇ ಬೇಕಾಗಿಲ್ಲ ಬಿಡಿ. ಟೀ ಕೊಡಕ್ಕೆ ಬಂದೋರೂ ಹಾಕಿ ಹೋಗ್ಬೋದು."

ಅವಳು ಆ ನಂಬರನ್ನು ಅಳಿಸಿ, ಹೊಸ ಪಿನ್ ಹಾಕಿಸಿದಳು. ಅದು ಏನೆಂದು ತಾನೂ ನೋಡಲಿಲ್ಲ.

"ಅದೆಲ್ಲ ಸರಿ," ಎಂದರು ಹನುಮಯ್ಯ. "ನಾನು ಸಹಿ ಹಾಕಿದ್ಮೇಲೆ ಕಾರ್ಖಾನೆಯೋರು ಒಳಗೆ ಏನಾದ್ರೂ ತಿದ್ಕೊಂಡ್ರೆ? ಹಿಂದೆ ಒಬ್ರು ಮಧ್ಯದ ಹಾಳೇನೇ ಬದಲಾಯಿಸಿ ನನ್ನ ತಲೆ ಬೋಳಿಸಿದ್ರು."

"ಇದ್ರಲ್ಲಿ ತಿದ್ದಿದ್ರೆ ಗೊತ್ತಾಗತ್ತೆ ಅಂಕಲ್."

"ಎಲ್ರೂ ಹಂಗೇ ಹೇಳ್ತಾರೆ."

ಅನುಮಾನ ಹೋಗಲಿಲ್ಲ, ಆದರೆ ಹೊತ್ತು ಹೋಗುತ್ತಿತ್ತು. ಬಿಂದುಶ್ರೀ ದಾಖಲೆ ಇಡುವ ಸಾಫ್ಟ್‌ವೇರಿನಲ್ಲಿ ಒಪ್ಪಂದವನ್ನು ಕಾರ್ಖಾನೆಯ ಹೆಸರು, ತಾರೀಖು ಕೊಟ್ಟು ಸೇರಿಸಿದಳು. ಪೂರ್ತಿ ಓದಿಸಿದಳು. ಹನುಮಯ್ಯ ಟೋಕನ್ ಸಿಕ್ಕಿಸಿ, ಒಂದೇ ಬೆರಳಲ್ಲಿ ಪಿನ್ ಒತ್ತಿದರು. ಹಸಿರು ಗುರುತು ಬಂತು. ಅಷ್ಟರಲ್ಲಿ ಫೋನ್ ಬಂದು ಬಿಂದುಶ್ರೀ ಹೊರಗೆ ಹೋದಳು.

ಹನುಮಯ್ಯ ಪರದೆಯ ಮೇಲಿನ ಹಾಳೆಯ ನೆತ್ತಿ ನೋಡಿದರು. ಬೋಳಾಗಿತ್ತು. ಹುಟ್ಟಿದಾಗಿನಿಂದ ದಿನಸಿ ಚೀಟಿಯನ್ನೂ ಅವರು ಮೇಲೆ ಶ್ರೀ ಬರೆಯದೆ ಶುರುಮಾಡಿದವರಲ್ಲ. ಆರು ಜನರ ಅನ್ನದ ಕಾಗದ ಹಾಗೆಯೇ ಹೋಗಬೇಕೆ? ಕೀಲಿಮಣೆಯಲ್ಲಿ ಅಕ್ಷರ ತಡಕಾಡಿ ಶ್ರೀ ಹಾಕಿ, ಉಳಿಸಿಯೂ ಬಿಟ್ಟರು. ತಕ್ಷಣ ಹಸಿರು ಹೋಗಿ ಕೆಂಪು ಗುರುತು ಬಂತು: ಸಹಿಯ ನಂತರ ಈ ದಾಖಲೆ ಬದಲಾಗಿದೆ.

"ಏನ್ ಮಾಡಿದ್ರಿ ಅಂಕಲ್?" ಎನ್ನುತ್ತಾ ಬಿಂದುಶ್ರೀ ಒಳಬಂದಳು.

"ಏನೂ ಮಾಡಿಲ್ಲ."

"ಮತ್ತೆ ಈ ಶ್ರೀ?"

"ದೇವ್ರೇ ಬಂದು ಬರ್ದಿರ್ಬೇಕು," ಎಂದರು ಮುನಿತಾಯಮ್ಮ.

ಐದಕ್ಕೆ ಇನ್ನು ಇಪ್ಪತ್ತೇ ನಿಮಿಷ. ಹನುಮಯ್ಯ ಅವಸರದಲ್ಲಿ ಶ್ರೀ ಅಳಿಸಲು ಹೋದರು, ಬಿಂದುಶ್ರೀ ತಡೆದಳು.

"ಗಾಬರಿ ಬೇಡ. ನೀವು ಸಹಿ ಹಾಕಿದ ಪ್ರತೀನ ಈ ಸಾಫ್ಟ್‌ವೇರು ಬೇರೆಯಾಗಿ ಭದ್ರವಾಗಿ ಇಟ್ಕೊಂಡಿದೆ. ಅದನ್ನೇ ಕಳಿಸೋಣ. ಶ್ರೀನ ಇಮೇಲ್‌ನಲ್ಲಿ ಮೊದಲನೇ ಸಾಲಿಗೆ ಹಾಕಿ, ಯಾರೂ ಬೇಡ ಅನ್ನಲ್ಲ."

ಹನುಮಯ್ಯ ಇನ್ನೂ ಕೆಂಪು ಗುರುತನ್ನೇ ನೋಡುತ್ತಿದ್ದರು. "ಒಂದು ಶ್ರೀಗೇ ಇಷ್ಟು ರಂಪ ಮಾಡ್ತಾ ಇದು?"

"ಒಂದು ಚುಕ್ಕಿ ಇಟ್ರೂ ಮಾಡತ್ತೆ. ಯಾರೇ ತಿದ್ಲಿ, ಹಿಂಗೇ ಹೇಳ್ಬಿಡತ್ತೆ."

"ಕಾರ್ಖಾನೆಯೋರು ತಿದ್ದಿದ್ರೂನಾ?"

"ಅವ್ರು ತಿದ್ದಿದ್ರೂನು."

ಹನುಮಯ್ಯನವರ ಮುಖ ಅರಳಿತು. "ಹಂಗಾದ್ರೆ ನನ್ನ ಹಳೇ ಕಾಗದಗಳನ್ನೆಲ್ಲ ಇದ್ರಲ್ಲೇ ಸೇರಿಸಮ್ಮ."

ಇಮೇಲ್ ವಿಳಾಸವನ್ನು ಎರಡು ಸಲ ಓದಿ ಒಪ್ಪಂದ ಕಳಿಸಿದರು. ಐದಕ್ಕೆ ಆರು ನಿಮಿಷವಿರುವಾಗ ಉತ್ತರ ಬಂತು: ಒಪ್ಪಂದ ತಲುಪಿದೆ, ಕೆಲಸ ಶುರುಮಾಡಿ. ಹನುಮಯ್ಯ ಲೇತಿನ ಹತ್ತಿರ ಹೋಗಿ, "ಮಹದೇವ, ಸೋಮವಾರ ಬೇಗ ಬಾರಪ್ಪ," ಎಂದರು.

ಕೇಳಿದಿರಲ್ಲ, ನೀವೂ ಇವತ್ತೇ ಒಂದು ಕೆಲಸ ಮಾಡಿ. ಮುಖ್ಯ ಕಾಗದಗಳನ್ನು ಸ್ಕ್ಯಾನ್ ಮಾಡಿಸಿ, ಹೆಸರು, ತಾರೀಖು ಹಾಕಿ ಒಂದೇ ಕಡೆ ಇಡಿ. ಕಳಿಸುವ ಮುಂಚೆ ಇಮೇಲ್ ವಿಳಾಸ ನೋಡಿ. ಪೂರ್ತಿ ಓದದೆ ಸಹಿ ಹಾಕಬೇಡಿ, ಹಾಕಿದ ಮೇಲೆ ಮುಟ್ಟಬೇಡಿ. ಟೋಕನ್ನು, ಪಿನ್ನು ಯಾರ ಕೈಗೂ ಕೊಡಬೇಡಿ, ಆಡಿಟರಾಗಲಿ ಅಳಿಯನಾಗಲಿ. ಆ ಸಹಿಯ ಹಿಂದೆ ನಿಮ್ಮನ್ನೇ ನಂಬಿದ ಜನ ಇದ್ದಾರೆ.